ಸಂತೆ ಚೌಕದ ಚಿತ್ರ, ಊರಿನ ದಾಖಲೆ



ರೊಕೊಕೊ ಎಂದೊಡನೆ ಕಲೆಯ ಇತಿಹಾಸ ಓದಿದವರ ಕಣ್ಣೆದುರಿಗೆ ಬರುವುದು ಅರಮನೆಯ ಒಳಾಂಗಣ. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಮೆರೆದ ಈ ಶೈಲಿಗೆ ಹೆಸರು ಬಂದದ್ದೇ ಚಿಪ್ಪು, ಕಲ್ಲುಗಳ ಅಲಂಕಾರವನ್ನು ಸೂಚಿಸುವ ಫ್ರೆಂಚ್ ಪದದಿಂದ. ಚಿನ್ನದ ಬಳ್ಳಿ, ತಿಳಿ ಗುಲಾಬಿ ಬಣ್ಣ, ಉಯ್ಯಾಲೆಯಲ್ಲಿ ಕುಳಿತ ಸಿರಿವಂತ ತರುಣಿ ಇವೇ ಅದರ ಗುರುತು. ಆದರೆ ಅದೇ ಕಾಲದಲ್ಲಿ, ಅರಸನೊಬ್ಬನ ಹಣದಿಂದಲೇ, ಒಂದು ಸಾಧಾರಣ ಊರಿನ ಸಂತೆ ಚೌಕವೂ ದೊಡ್ಡ ಚಿತ್ರವಾಯಿತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಆ ಊರು ಪಿರ್ನಾ. ಜರ್ಮನಿಯ ಡ್ರೆಸ್ಡೆನ್ ನಗರದಿಂದ ಎಲ್ಬೆ ನದಿಯ ಗುಂಟ ಮೇಲಕ್ಕೆ ಸಾಗಿದರೆ ಸುಮಾರು 20 ಕಿಲೋಮೀಟರ್. 1753-54ರ ಸುಮಾರಿಗೆ ಬರೆದ ಈ ತೈಲಚಿತ್ರದ ಅಗಲ ಎರಡು ಮೀಟರಿಗೂ ಹೆಚ್ಚು. ಚೌಕದಲ್ಲಿ ಒಂಟಿಯಾಗಿ ನಿಂತ ಪುರಭವನ, ಅದರ ಹಿಂದೆ ಕಡಿದಾದ ಮಾಡಿನ ಸಂತ ಮೇರಿ ಇಗರ್ಜಿ, ಮೇಲೆ ಗುಡ್ಡದ ನೆತ್ತಿಯಲ್ಲಿ ಜೊನ್ನೆನ್‌ಸ್ಟೈನ್ ಕೋಟೆ. ಕೆಳಗೆ ವ್ಯಾಪಾರಿಗಳು, ಗಿರಾಕಿಗಳು, ಸುಮ್ಮನೆ ಹರಟುತ್ತ ನಿಂತವರು. ಗುಡ್ಡದ ಬುಡದಲ್ಲಿ ಪೇಟೆ ಇರುವುದು ಕಳಸ, ಮೂಡಿಗೆರೆಯ ಜನರಿಗೆ ಹೊಸದಲ್ಲ. ಆ ಪೇಟೆಯನ್ನು ಒಂದು ಆಸ್ಥಾನದ ಚಿತ್ರಕಾರ ಮನೆಮನೆಯಾಗಿ ಎಣಿಸಿದಂತೆ ಬರೆದಿರುವುದು ವಿಶೇಷ.

ಆತನ ಹೆಸರು ಬೆರ್ನಾರ್ದೊ ಬೆಲ್ಲೊಟ್ಟೊ. ವೆನಿಸ್ ನಗರದವನು. ಅಲ್ಲಿನ ಪ್ರಸಿದ್ಧ ನಗರದೃಶ್ಯ ಚಿತ್ರಕಾರ ಕನಲೆಟ್ಟೊ ಈತನ ಸೋದರಮಾವ, ಗುರುವೂ ಹೌದು. 1747ರಲ್ಲಿ ಸ್ಯಾಕ್ಸನಿಯ ಅರಸ ಮೂರನೆಯ ಆಗಸ್ಟಸ್‌ನ ಕರೆಯಂತೆ ಡ್ರೆಸ್ಡೆನ್‌ಗೆ ಬಂದ ಬೆಲ್ಲೊಟ್ಟೊ ಮರುವರ್ಷ ಆಸ್ಥಾನ ಚಿತ್ರಕಾರನಾದ. ಕಟ್ಟಡಗಳ ಗೆರೆ ತಪ್ಪದಿರಲು ಆ ಕಾಲದ ಇಂಥ ಚಿತ್ರಕಾರರು ಒಂದು ಕತ್ತಲೆಯ ಪೆಟ್ಟಿಗೆಯನ್ನು ಬಳಸುತ್ತಿದ್ದರು. ಪೆಟ್ಟಿಗೆಯ ಒಂದು ಬದಿಗೆ ಮಸೂರ, ಒಳಗೆ ಓರೆಯಾದ ಕನ್ನಡಿ. ಎದುರಿನ ಬೀದಿಯ ಬಿಂಬ ಹಾಳೆಯ ಮೇಲೆ ಬೀಳುತ್ತದೆ. ಅದರ ಮೇಲೆ ಗೆರೆ ಎಳೆದುಕೊಂಡರಾಯಿತು. ಛಾಯಾಗ್ರಹಣ ಹುಟ್ಟಲು ಇನ್ನೂ ಸುಮಾರು ಎಪ್ಪತ್ತು ವರ್ಷ ಬಾಕಿ ಇದ್ದ ಕಾಲವದು.

ಬರೆದದ್ದು ಬಹಳ ದಿನ ಉಳಿಯಲಿಲ್ಲ. 1756ರಲ್ಲಿ ಏಳು ವರ್ಷಗಳ ಯುದ್ಧ ಆರಂಭವಾಯಿತು. 1760ರಲ್ಲಿ ಪ್ರಷ್ಯದ ಫಿರಂಗಿಗಳು ಡ್ರೆಸ್ಡೆನ್ ಮೇಲೆ ಗುಂಡಿನ ಮಳೆಗರೆದಾಗ ಬೆಲ್ಲೊಟ್ಟೊನ ಮನೆಯೂ ನಾಶವಾಯಿತು. ತಾನು ಮೊದಲು ಇಡಿಯಾಗಿ ಬರೆದಿದ್ದ ಹೋಲಿ ಕ್ರಾಸ್ ಇಗರ್ಜಿಯನ್ನು 1765ರಲ್ಲಿ ಆತ ಕಲ್ಲಿನ ರಾಶಿಯಾಗಿ ಬರೆಯಬೇಕಾಯಿತು. ಎರಡು ವರ್ಷಗಳ ನಂತರ ಪೋಲೆಂಡಿನ ವಾರ್ಸಾ ಸೇರಿ, ಅಲ್ಲಿನ ದೊರೆಗಾಗಿ ಬೀದಿ, ಚೌಕಗಳನ್ನು ಬರೆದ. 1780ರಲ್ಲಿ ಅಲ್ಲಿಯೇ ತೀರಿಕೊಂಡ.

ಆತನ ಕೆಲಸದ ನಿಜವಾದ ಬೆಲೆ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. 1944ರ ದಂಗೆಯ ನಂತರ ನಾಜಿ ಸೇನೆ ವಾರ್ಸಾವನ್ನು ಬೀದಿಬೀದಿಯಾಗಿ ಕೆಡವಿತು. ಐತಿಹಾಸಿಕ ಭಾಗದ ಶೇ. 85ಕ್ಕೂ ಹೆಚ್ಚು ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಜನ ಹಳೆಯ ನಗರವನ್ನೇ ಮತ್ತೆ ಕಟ್ಟಲು ಹೊರಟಾಗ ನೆರವಾದದ್ದು ಬೆಲ್ಲೊಟ್ಟೊನ ವಾರ್ಸಾ ದೃಶ್ಯಗಳು. ಅವುಗಳಲ್ಲಿ ಉಳಿದಿದ್ದುದು 22. ಕಿಟಕಿಗಳ ಸಾಲು, ಬಾಗಿಲ ಮೇಲಿನ ಕೆತ್ತನೆ, ಮಾಡಿನ ಇಳಿಜಾರು ಅವುಗಳಲ್ಲಿ ಸಿಕ್ಕಿದವು. ಆದರೆ ಬೆಲ್ಲೊಟ್ಟೊ ಕಂಡದ್ದನ್ನೆಲ್ಲ ಕಂಡಂತೆಯೇ ಬರೆದವನಲ್ಲ. ಅಂದಕ್ಕಾಗಿ ಕೆಲವೆಡೆ ತಿದ್ದಿದ್ದಾನೆ. ಹೀಗಾಗಿ ವಾಸ್ತುಶಿಲ್ಪ ವಿದ್ಯಾರ್ಥಿಗಳು ಯುದ್ಧಕ್ಕೆ ಮುಂಚೆ ತಯಾರಿಸಿದ್ದ ಅಳತೆಯ ನಕ್ಷೆಗಳೂ ಬೇಕಾದವು. ಹೀಗೆ ಮರಳಿ ಕಟ್ಟಿದ ವಾರ್ಸಾದ ಹಳೆಯ ನಗರವನ್ನು 1980ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರು ಬರಿದಾಗಲು ಯುದ್ಧವೇ ಆಗಬೇಕೆಂದಿಲ್ಲ ಎಂಬುದಕ್ಕೆ ಕುದುರೆಮುಖವೇ ಸಾಕ್ಷಿ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿಗಾಗಿ ಮಲ್ಲೇಶ್ವರದಲ್ಲಿ ಒಂದು ನಗರಿಯೇ ಎದ್ದಿತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಅಂಗಡಿ ಸಾಲು ಎಲ್ಲವೂ ಬಂದವು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೂ ಭದ್ರಾ ನದಿಗೂ ಇದರಿಂದ ಆದ ಒಳಿತು ದೊಡ್ಡದು. ಆದರೆ ನೌಕರರ ಕುಟುಂಬಗಳು ಊರು ಬಿಟ್ಟವು, ಮನೆಗಳಿಗೆ ಬೀಗ ಬಿತ್ತು. ಆ ಬೀದಿಗಳಲ್ಲಿ ಸೈಕಲ್ ಕಲಿತ ಮಕ್ಕಳು ಈಗ ಬೇರೆ ಬೇರೆ ಊರುಗಳಲ್ಲಿದ್ದಾರೆ.

ಈ ನಗರಿಯನ್ನು ವಾರ್ಸಾದಂತೆ ಮರಳಿ ಕಟ್ಟಬೇಕೆಂದು ಯಾರೂ ಕೇಳಲಾರರು; ಅಲ್ಲಿ ಕಾಡಿನ ಹಕ್ಕೇ ಮೊದಲು. ಆದರೆ ಹೇಗಿತ್ತು ಎಂದು ಮೊಮ್ಮಕ್ಕಳು ಕೇಳಿದಾಗ ತೋರಿಸಲು ಏನಾದರೂ ಇರಬೇಡವೇ? ಬೆಲ್ಲೊಟ್ಟೊ ಬರೆದದ್ದು ಅರಮನೆಗಳನ್ನಷ್ಟೇ ಅಲ್ಲ, ಅಂಗಡಿ ಮುಂಗಟ್ಟನ್ನೂ ಬರೆದ. ಅದೇ ಕೊನೆಗೆ ಉಪಯೋಗಕ್ಕೆ ಬಂತು. ಇಂದು ಮಸೂರದ ಪೆಟ್ಟಿಗೆ ಬೇಕಿಲ್ಲ, ಕ್ಯಾಮೆರಾ ಎಲ್ಲರ ಕೈಯಲ್ಲಿದೆ. ಕಪಾಟಿನಲ್ಲಿರುವ ಹಳೆಯ ಫೋಟೋಗಳನ್ನು ತೆಗೆದು, ಬೆನ್ನಿನ ಮೇಲೆ ಬೀದಿಯ ಹೆಸರು, ಅಂಗಡಿಯ ಹೆಸರು, ವರ್ಷ ಬರೆದಿಡುವ ಕೆಲಸ ಮಾತ್ರ ಬಾಕಿ. ಗುರುತು ಹೇಳಬಲ್ಲ ಹಿರಿಯರು ಇರುವಾಗಲೇ ಅದು ಆಗಬೇಕು.