ತಾಳಗುಂದದ ಕಂಬ ಹೇಳುವ ವಿದೇಶಾಂಗ ನೀತಿ

ಶಿರಾಳಕೊಪ್ಪದವರಿಗೆ ತಾಳಗುಂದ ನೆರೆಯ ಊರು. ಅಲ್ಲಿ ಪ್ರಣವೇಶ್ವರ ಗುಡಿಯ ಎದುರಿನ ಕಂಬದಲ್ಲಿ ಐದನೆಯ ಶತಮಾನದ ಸಂಸ್ಕೃತ ಶಾಸನವಿದೆ. ಕವಿ ಕುಬ್ಜ, ಬರೆಸಿದವನು ಕದಂಬರ ಶಾಂತಿವರ್ಮ. ತಂದೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಶಾಸನವಾದರೂ, ಬಲಾಢ್ಯರ ನಡುವೆ ಮಧ್ಯಮ ರಾಜ್ಯವೊಂದು ಬಾಳಿದ ಬಗೆಯೂ ಅದರಲ್ಲಿದೆ.

ಓದಲು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿ ಬಾಣರಿಂದ ಕಪ್ಪ ಪಡೆದ. ಮಣಿಸಲಾಗದೆ ಪಲ್ಲವರು ಸಂಧಿಗೆ ಬಂದರು. ಅವನೂ ಹಟ ಬಿಟ್ಟು, ಅವರ ಸೇವೆಗೆ ಒಪ್ಪಿ, ಅವರಿಂದಲೇ ಪಟ್ಟವನ್ನೂ ಪಡುಗಡಲ ತನಕದ ನಾಡನ್ನೂ ಪಡೆದ.

ಕಾಕುಸ್ಥವರ್ಮನ ಕಾಲಕ್ಕೆ ಉತ್ತರದಲ್ಲಿ ಗುಪ್ತರು ಪ್ರಬಲರು. ಗುಪ್ತರೇ ಮೊದಲಾದ ಅರಸು ಮನೆತನಗಳಿಗೆ ಅವನು ಹೆಣ್ಣು ಕೊಟ್ಟು ನಂಟು ಬೆಳೆಸಿದ. ಕತ್ತಿಯಿಂದ ಗಳಿಸಿದ್ದನ್ನು ನಂಟಿನಿಂದ ಭದ್ರಪಡಿಸಿದ.

ಕಾಲ ಬದಲಾದಾಗ ನಂಟೂ ಬದಲಾಗುತ್ತದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಹಳೆಯ ಆಸರೆ ಕಳೆದುಕೊಂಡ ಭಾರತ ಆಗ್ನೇಯ ಏಷ್ಯಾದತ್ತ ನೋಡಿತು. 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಇಂದು ಬೀಗತನದ ಜಾಗದಲ್ಲಿ ವ್ಯಾಪಾರ, ಒಪ್ಪಂದಗಳಿವೆ.

ಆದರೆ ಕದಂಬರ ನಂಟನ್ನು ಹೊತ್ತು ದೂರದೂರಿಗೆ ಹೋದ ಆ ಹೆಣ್ಣುಮಕ್ಕಳ ಹೆಸರು ಶಾಸನದಲ್ಲಿಲ್ಲ. ದೇಶಗಳು ಕೈಕುಲುಕುವಾಗ ಅದರ ಬೆಲೆ ತೆರುವವರು ಯಾರೆಂದು ಇಂದಿಗೂ ಕೇಳಬೇಕು.