ಗಾಡಿ ದಾರಿಯಲ್ಲಿ ನಿಂತಾಗ: ಸೆನ್ಸಾರ್ ಬಗ್ಗೆ ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ವೇದಿಕೆ ಮೇಲೆ ಮಾತಾಡೋದು ನಮ್ಮಂಥ ಗ್ಯಾರೇಜಿನವರಿಗೆ ಅಭ್ಯಾಸವಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಸಂಘದ ಹಾಲಿನ ಗಾಡಿ ದಾರಿಯಲ್ಲಿ ನಿಂತು ಹಾಲು ಒಡೆದದ್ದು ತಮಗೆಲ್ಲ ನೆನಪಿದೆ. ಅದರಲ್ಲಿ ನಮ್ಮ ತಪ್ಪೂ ಇತ್ತು. ಆ ಪಾಠವನ್ನೇ ಹೇಳುತ್ತೇವೆ.

ಹಳೆಯ ಡೀಸೆಲ್ ಇಂಜಿನ್ನಿನಲ್ಲಿ ಪಂಪೇ ಹೊತ್ತಿಗೆ ಸರಿಯಾಗಿ ಡೀಸೆಲ್ ಬಿಡುತ್ತಿತ್ತು. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಆ ಲೆಕ್ಕ ಕಂಪ್ಯೂಟರಿನದು. ಪಿಸ್ಟನ್ ಎಲ್ಲಿದೆ ಎಂದು ಅದಕ್ಕೆ ತಿಳಿಸುವುದು ಕ್ರ್ಯಾಂಕ್ ಸೆನ್ಸಾರ್. ಕ್ರ್ಯಾಂಕಿನ ಜೊತೆ ಒಂದು ಹಲ್ಲುಚಕ್ರ ತಿರುಗುತ್ತದೆ. ಅನೇಕ ಗಾಡಿಗಳಲ್ಲಿ 60 ಹಲ್ಲಿನ ಜಾಗದಲ್ಲಿ 58 ಮಾತ್ರ ಇರುತ್ತವೆ. ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ. ಜಪಮಾಲೆಯಲ್ಲಿ ಮೇರುಮಣಿ ಸಿಕ್ಕರೆ ಒಂದು ಸುತ್ತು ಆಯಿತು ಅಂತ ತಿಳಿಯೋ ಹಾಗೆ, ಆ ಖಾಲಿ ಜಾಗವೇ ಸೆನ್ಸಾರಿಗೆ ಗುರುತು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಈಗ ಯಾವ ಸಿಲಿಂಡರಿನ ಸರದಿ ಎಂದು ಹೇಳುವುದು ಕ್ಯಾಮ್ ಸೆನ್ಸಾರ್.

ನಮ್ಮ ಗಾಡಿ ಬಿಸಿಯಾದರೆ ನಿಲ್ಲುತ್ತಿತ್ತು, ತಣ್ಣಗಾದರೆ ಹೊರಡುತ್ತಿತ್ತು. ನಾವು ಪಂಪಿನ ಮೇಲೆ ಅನುಮಾನಪಟ್ಟು ಬಿಚ್ಚಿಸಿದೆವು. ದುಡ್ಡೂ ಹೋಯಿತು, ಗಾಡಿ ಮತ್ತೆ ನಿಂತಿತು. ಸೆನ್ಸಾರನ್ನು ತಣ್ಣಗಿದ್ದಾಗ ಅಳೆದರೆ ಮೀಟರ್ ಸರಿಯಾಗೇ ತೋರಿಸಿತು. ಬಿಸಿಯಿದ್ದಾಗಲೇ ಅಳೆದ ಮೇಲೆ ಗೊತ್ತಾಯಿತು, ಒಳಗಿನ ಕಾಯಿಲ್ ಕಾವಿಗೆ ಬಿಟ್ಟುಕೊಳ್ಳುತ್ತಿತ್ತು.

ಆದ್ದರಿಂದ ಡ್ರೈವರುಗಳಿಗೆ ನಮ್ಮ ಬಿನ್ನಹ: ಗಾಡಿ ನಿಂತಾಗ ಸೆಲ್ಫ್ ಹೊಡೆದು ಆರ್.ಪಿ.ಎಂ. ಮುಳ್ಳು ನೋಡಿ. ಇಂಜಿನ್ ತಿರುಗಿದರೂ ಮುಳ್ಳು ಅಲ್ಲಾಡದಿದ್ದರೆ ಕ್ರ್ಯಾಂಕ್ ಸೆನ್ಸಾರಿನ ಮೇಲೆ ಅನುಮಾನ ಇಡಿ. ಬಿಸಿಗೆ ನಿಂತಿತೋ, ಗುಂಡಿಗೆ ಬಿದ್ದಾಗ ನಿಂತಿತೋ ಅಂತ ಮೆಕ್ಯಾನಿಕ್‌ಗೆ ಹೇಳಿ.

ಸ್ಕ್ಯಾನರಿನಲ್ಲಿ ಪಿ 0335 ಬಂದರೆ ಕ್ರ್ಯಾಂಕ್, ಪಿ 0340 ಬಂದರೆ ಕ್ಯಾಮ್. ಹಾಗಂತ ಕೂಡಲೇ ಹೊಸ ಸೆನ್ಸಾರ್ ತರಬೇಡಿ. ಆ ನಂಬರು ಹೇಳುವುದು ಇಡೀ ಸರ್ಕ್ಯೂಟಿನ ಮಾತು. ಇಲಿ ಕಡಿದ ವೈರು, ನೀರು ಹೊಕ್ಕ ಸಾಕೆಟ್ಟು, ಸೆನ್ಸಾರ್ ತುದಿಗೆ ಮೆತ್ತಿದ ಕಬ್ಬಿಣದ ಪುಡಿ, ಇವನ್ನು ಮೊದಲು ನೋಡಿ. ಕಾಯಿಲ್ ಇರುವ ಸೆನ್ಸಾರಿಗೆ ಸಾಮಾನ್ಯವಾಗಿ ಎರಡು ವೈರು, ಓಮ್ ಅಳೆಯಬಹುದು. ಹಾಲ್ ಸೆನ್ಸಾರಿಗೆ ಸಾಮಾನ್ಯವಾಗಿ ಮೂರು ವೈರು. ಅದಕ್ಕೆ ಓಮ್ ಮೀಟರ್ ಹಿಡಿಯಬಾರದು, ಕರೆಂಟು ಬರುತ್ತಿದೆಯೇ, ಸಿಗ್ನಲ್ ಹೋಗುತ್ತಿದೆಯೇ ನೋಡಬೇಕು.

ಅಂಗೈಯಲ್ಲಿ ಹಿಡಿಸುವ ಸಾಮಾನು ಅದು. ಆದರೆ ಅದು ಕೆಟ್ಟರೆ ಬೆಳಗಿನ ಜಾವ ಎದ್ದು ಕರೆದ ಹಾಲು ಮಣ್ಣುಪಾಲು. ಪಂಪು ಬಿಚ್ಚುವ ಮೊದಲು ವೈರು ನೋಡಿ ಎಂದಷ್ಟೇ ಹೇಳಿ, ನಮ್ಮ ಮಾತು ಮುಗಿಸುತ್ತೇವೆ.