ಗೃಹಕೃತ್ಯದ ಆನಂದ

(ಬೈಂದೂರು ತಾಲೂಕಿನ ಯಡ್ತರೆಯಲ್ಲಿ, ಭಕ್ತರ ಮನೆಯಂಗಳದಲ್ಲಿ ನೀಡಿದ ಆಶೀರ್ವಚನ)



ನಾವು ಈ ಆಸನದ ಮೇಲೆ ಕುಳಿತು ಒಮ್ಮೆ ಸುತ್ತಲೂ ನೋಡಿದಾಗ ಚಪ್ಪರದ ತುಂಬ ಪುರುಷರೇ ಕಂಡರು. ತಾಯಂದಿರು ಎಲ್ಲಿ ಎಂದು ಕೇಳಿದೆವು. ಒಳಗೆ ಅಡುಗೆ ನಡೆದಿದೆ ಎಂದರು. ಅವರು ಬರುವವರೆಗೆ ನಾವು ಮಾತು ಆರಂಭಿಸುವುದಿಲ್ಲ ಎಂದೆವು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹಿರಿಯ ತಾಯಿ ಸೆರಗಿನಿಂದ ಕೈ ಒರಸಿಕೊಳ್ಳುತ್ತ ಬಂದು, 'ಒಲಿ ಮೇಲೆ ಪಾಯಸ ಇತ್ತ್ ಸ್ವಾಮಿ, ಬಿಟ್ಟಿಕ್ಕಿ ಬಪ್ಪುದ್ ಹ್ಯಾಂಗೆ?' ಎಂದರು. ನೀವೆಲ್ಲ ನಕ್ಕಿರಿ. ನಾವೂ ನಕ್ಕೆವು. ಆದರೆ ಆ ತಾಯಿಯ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ಷಟ್‌ಸ್ಥಲದ ವಿಚಾರ ಹೇಳಬೇಕೆಂದು ಘಟ್ಟವಿಳಿದು ಬಂದಿದ್ದೆವು. ಅದು ನಾಳೆಗಿರಲಿ. ಇಂದು ಒಲೆಯ ವಿಚಾರ, ಸೂಜಿಯ ವಿಚಾರ, ಪುಸ್ತಕದ ವಿಚಾರವನ್ನೇ ಮಾತನಾಡೋಣ. ಅದೂ ಧರ್ಮದ ವಿಚಾರವೇ.

ಶಾಸ್ತ್ರಗಳಲ್ಲಿ ಅರವತ್ತನಾಲ್ಕು ಕಲೆಗಳ ಎಣಿಕೆ ಬರುತ್ತದೆ. ಗೀತ, ವಾದ್ಯ, ನೃತ್ಯ ಎಂದು ಆ ಪಟ್ಟಿ ಆರಂಭವಾಗುತ್ತದೆ. ಅದೇ ಪಟ್ಟಿಯಲ್ಲಿ ಬಗೆಬಗೆಯ ಪಲ್ಯ, ಸಾರು, ಭಕ್ಷ್ಯಗಳನ್ನು ಮಾಡುವುದು ಒಂದು ಕಲೆ. ಸೂಜಿಯಿಂದ ಹೊಲಿಯುವುದು ಒಂದು ಕಲೆ. ಪುಸ್ತಕವಾಚನವೂ ಒಂದು ಕಲೆ. ಹಾಡುವವರನ್ನು ವೇದಿಕೆಯ ಮೇಲೆ ಕೂಡಿಸಿ ಶಾಲು ಹೊದಿಸುತ್ತೇವೆ. ಅದೇ ಪಟ್ಟಿಯಲ್ಲಿರುವ ಅಡುಗೆಯನ್ನು ಬಲ್ಲವಳಿಗೆ ಚಪ್ಪರದಲ್ಲಿ ಕೂರಲು ಜಾಗವೂ ಇಲ್ಲ, ಬಿಡುವೂ ಇಲ್ಲ. ಇದು ಯಾವ ನ್ಯಾಯ?

ಈ ಕರಾವಳಿಯು ಕೆಳದಿಯ ಅರಸರ ಆಳ್ವಿಕೆಯಲ್ಲಿದ್ದ ನಾಡು. ಆ ವಂಶದ ಬಸವಪ್ಪನಾಯಕರು 1709ರ ಸುಮಾರಿಗೆ 'ಶಿವತತ್ತ್ವರತ್ನಾಕರ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ರಾಜನೀತಿ, ಸಂಗೀತ, ವೈದ್ಯ ಮೊದಲಾದ ಅನೇಕ ವಿದ್ಯೆಗಳನ್ನು ಸಂಗ್ರಹಿಸಿದ ಆ ಮಹಾಗ್ರಂಥದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವಿದೆ. ಸಿಂಹಾಸನದ ಮೇಲೆ ಕುಳಿತ ವೀರಶೈವ ಅರಸನಿಗೆ ಅಡುಗೆಮನೆಯ ಮಾತು ಕೀಳೆನಿಸಲಿಲ್ಲ. ಅವರಿಗಿಂತಲೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಉದ್ದಿನ ಹಿಟ್ಟಿನ ತಿಂಡಿಗಳನ್ನು ಕೂಡ ಬಿಡದೆ ವರ್ಣಿಸಿದ್ದಾನೆ. ಹೀಗಿರುವಾಗ ಸನ್ಯಾಸಿಯಾದ ನಾವು ಅಡುಗೆಯ ಮಾತನಾಡಿದರೆ ಆಶ್ಚರ್ಯಪಡಬೇಡಿ. ಉಣ್ಣುವವನಿಗೆ ಅಡುಗೆಯ ಮಾತು ಬೇಡವೆಂದರೆ ಅದು ವೈರಾಗ್ಯವಲ್ಲ, ಕೃತಘ್ನತೆ.

ಅಡುಗೆಯಲ್ಲಿ ಸುಖವಿದೆ. ಇದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಹಿತ್ತಲಿಗೆ ಹೋಗಿ ಒಂದು ಹಿಡಿ ಒಂದೆಲಗದ ಸೊಪ್ಪು ಕಿತ್ತು ತಂದು, ತೊಳೆದು, ಸ್ವಲ್ಪ ಕಾಯಿತುರಿ, ನಾಲ್ಕು ಕಾಳುಮೆಣಸು, ಚಿಟಿಕೆ ಜೀರಿಗೆಯೊಡನೆ ಅರೆದು, ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ ಒಂದು ಒಗ್ಗರಣೆ ಕೊಟ್ಟರೆ ತಂಬುಳಿಯಾಯಿತು. ಕುಚ್ಚಲಕ್ಕಿ ಗಂಜಿ ತನ್ನ ಪಾಡಿಗೆ ತಾನು ಬೇಯುತ್ತದೆ. ಮಾಡಿನಲ್ಲಿ ಬಾಳೆನಾರಿನಿಂದ ಕಟ್ಟಿ ತೂಗುಹಾಕಿದ ಸೌತೆಕಾಯಿ ಮಳೆಗಾಲಕ್ಕೆ ಒದಗುತ್ತದೆ. ಬೇಸಗೆಯಲ್ಲಿ ನಾಲ್ಕು ಮನೆಯವರು ಕೂಡಿ ಒತ್ತಿದ ಹಲಸಿನ ಹಪ್ಪಳ ಡಬ್ಬಿಯಲ್ಲಿದೆ, ಭರಣಿಯಲ್ಲಿ ಮಾವಿನ ಮಿಡಿ ಇದೆ. ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗ ಈ ಊಟಕ್ಕೆ ಸಮನಾದದ್ದು ಯಾವುದು? ಖರ್ಚು ಕಡಿಮೆ, ಶ್ರಮ ಕಡಿಮೆ, ದೇಹಕ್ಕೆ ಹಿತ.

ಆದರೆ ಇಂದು ಈ ಮನೆಯಲ್ಲಿ ನಮಗಾಗಿ ಹನ್ನೊಂದು ಪದಾರ್ಥ ಸಿದ್ಧವಾಗಿವೆಯಂತೆ! ನಿನ್ನೆ ರಾತ್ರಿಯಿಂದ ತಾಯಂದಿರು ಒಲೆಯ ಮುಂದೆ ನಿಂತಿದ್ದಾರೆ. ಯಾರಿಗಾಗಿ? ಒಂದು ತುತ್ತು ಅನ್ನ, ಒಂದು ಲೋಟ ಮಜ್ಜಿಗೆ ಸಾಕೆನ್ನುವ ಈ ಕಾವಿಬಟ್ಟೆಯವನಿಗಾಗಿ. ಇದರಲ್ಲಿ ನಮ್ಮ ತಪ್ಪೂ ಇದೆ. 'ಸ್ವಾಮಿಗಳು ಬರುತ್ತಾರೆ' ಎಂಬ ಸುದ್ದಿ ಗಂಡಸರಿಗೆ ಹಬ್ಬ, ಹೆಂಗಸರಿಗೆ ಬೆನ್ನುನೋವು ಎಂಬುದನ್ನು ಅರಿತೂ ಎಷ್ಟೋ ವರ್ಷ ಸುಮ್ಮನಿದ್ದೆವು. ಎಲೆ ತುಂಬಿದುದನ್ನು ಭಕ್ತಿಯ ಅಳತೆಯೆಂದು ಒಪ್ಪಿಕೊಂಡುಬಿಟ್ಟೆವು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯನು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಲಕ್ಕಮ್ಮ ಅದನ್ನು ಬೇಯಿಸಿ ಜಂಗಮರಿಗೆ ನೀಡುತ್ತಿದ್ದಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅವಳು ಹಿಗ್ಗಲಿಲ್ಲ. ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ನಾವು ಆಸೆಯ ವಿಚಾರಕ್ಕೆ ಹೇಳುತ್ತೇವೆ. ಇಂದು ಇನ್ನೊಂದು ಬಗೆಯಲ್ಲಿ ನೋಡಿ. ಅಡುಗೆಮನೆಯಲ್ಲಿ 'ಸಾಕು' ಎನ್ನುವ ಅಧಿಕಾರ ಯಾರದಾಗಿತ್ತು? ಲಕ್ಕಮ್ಮನದು. ಗಂಡನು ವಾದಿಸಲಿಲ್ಲ, ಹೋಗಿ ಸುರಿದು ಬಂದ. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದಳು, ಕದಿರ ರೆಮ್ಮವ್ವೆ ನೂಲು ತೆಗೆದಳು. ಅವರು ದುಡಿದರು, ವಚನಗಳನ್ನೂ ನುಡಿದರು. ಎರಡಕ್ಕೂ ಅವರಿಗೆ ಹೊತ್ತಿತ್ತು. 'ಸಾಕು' ಎಂಬ ಮಾತಿರುವ ಮನೆಯಲ್ಲಿ ಮಾತ್ರ ಕೆಲಸವು ಕಾಯಕವಾಗುತ್ತದೆ, ಸುಖವಾಗುತ್ತದೆ. ಆ ಮಾತಿಲ್ಲದ ಮನೆಯಲ್ಲಿ ಅದೇ ಕೆಲಸ ಬಿಟ್ಟಿ ಚಾಕರಿಯಾಗುತ್ತದೆ.

ಇನ್ನು ಸೂಜಿಯ ಮಾತು. ನಾವು ಹುಟ್ಟಿದ್ದು ಧಾರವಾಡದ ಕಡೆ. ಅಲ್ಲಿಯ ಕಸೂತಿಯ ಹೆಸರನ್ನು ಕೇಳಿದ್ದೀರಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ನಂದಿ, ಆನೆಗಳನ್ನು ಇಳಕಲ್ಲ ಸೀರೆಯ ಮೇಲೆ ಮೂಡಿಸುತ್ತಾರೆ. ಗವಂತಿಯಲ್ಲಿ ಸೂಜಿ ಹೋಗುವಾಗ ನಡುನಡುವೆ ತೆರವು ಬಿಟ್ಟು ಹೋಗುತ್ತದೆ, ಅದೇ ದಾರಿಯಲ್ಲಿ ಹಿಂದಿರುಗಿ ಆ ತೆರವನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಬಟ್ಟೆಯನ್ನು ತಿರುಗಿಸಿ ನೋಡಿದರೆ ಒಳಮೈ ಹೊರಮೈ ಒಂದೇ. ಅಂತರಂಗ ಬಹಿರಂಗಗಳು ಒಂದಾಗಬೇಕೆಂದು ನಾವು ವರ್ಷಗಟ್ಟಲೆ ಉಪದೇಶ ಮಾಡುತ್ತೇವೆ. ಅಕ್ಷರ ಬಾರದ ತಾಯಂದಿರು ಅದನ್ನು ಒಂದು ಸೆರಗಿನಲ್ಲಿ ಮಾಡಿ ತೋರಿಸಿದ್ದಾರೆ.

ನಮ್ಮ ಪೂರ್ವಾಶ್ರಮದ ತಾಯಿ ಕಸೂತಿ ಬಲ್ಲವರಲ್ಲ, ಕೌದಿ ಹೊಲಿಯುತ್ತಿದ್ದರು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಬಣ್ಣದ ತುಂಡುಗಳನ್ನು ಜೋಡಿಸಿ, ನೆರೆಯ ಹೆಂಗಸರೊಡನೆ ಮಾತನಾಡುತ್ತ ಸಾಲು ಹೊಲಿಗೆ ಹಾಕುತ್ತಿದ್ದರು. ದಿನದಲ್ಲಿ ಅವರ ಮುಖ ಅರಳಿರುತ್ತಿದ್ದದ್ದು ಆ ಒಂದು ಹೊತ್ತಿನಲ್ಲಿ. ನಾವು ಹತ್ತು ವರ್ಷದವರಾಗಿ ಪಾಠಶಾಲೆಗೆ ಹೊರಟಾಗ ಅಂಥದೊಂದು ಕೌದಿಯನ್ನು ಗಂಟಿನಲ್ಲಿ ಕಟ್ಟಿ ಕೊಟ್ಟರು. ಅದರಲ್ಲಿ ಅಜ್ಜಿಯ ಸೀರೆಯಿತ್ತು, ತಂದೆಯ ಧೋತರವಿತ್ತು, ನಮ್ಮ ತೊಟ್ಟಿಲ ಬಟ್ಟೆಯಿತ್ತು. ಉಳಿದ ವಿದ್ಯಾರ್ಥಿಗಳ ಮುಂದೆ ಅದನ್ನು ಹೊದೆಯಲು ನಮಗೆ ನಾಚಿಕೆಯಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ರಜೆಗೆಂದು ಊರಿಗೆ ಹೋದೆವು. ತಾಯಿ ಜಾತ್ರೆಯಲ್ಲಿ ಕೊಂಡಿಟ್ಟಿದ್ದ ವಚನಗಳ ಸಣ್ಣ ಪುಸ್ತಕವನ್ನು ತಂದು, 'ಇದನ್ನ ಸ್ವಲ್ಪ ಓದಿ ಹೇಳಪಾ' ಎಂದರು. ಆಗ ನಮ್ಮ ಕೈಯಲ್ಲಿ ಸಿದ್ಧಾಂತಕೌಮುದಿ ಇತ್ತು. 'ಪರೀಕ್ಷೆ ಮುಗಿಯಲಿ ಅವ್ವಾ' ಎಂದೆವು. ಅವರು ಪುಸ್ತಕವನ್ನು ಒಳಗೆ ಒಯ್ದರು. ಪರೀಕ್ಷೆಗಳು ಮುಗಿದವು, ನಮಗೆ ಪದವಿ ಬಂತು, ಪೀಠ ಬಂತು. ಅವರು ಎರಡನೆಯ ಸಲ ಕೇಳಲಿಲ್ಲ. ನಾವೂ ನೆನಪು ಮಾಡಿಕೊಳ್ಳಲಿಲ್ಲ. ಈಗ ಅವರಿಲ್ಲ. ಸಾವಿರಾರು ಜನರ ಮುಂದೆ ವಚನ ಹೇಳಿದ್ದೇವೆ, ಕೇಳಿದ ಆ ಒಬ್ಬರಿಗೆ ಹೇಳಲಿಲ್ಲ. ಕೌದಿ ಮಾತ್ರ ನಮ್ಮ ಬಳಿ ಇದೆ. ಇಂದಿಗೂ ಚಳಿಗಾಲದಲ್ಲಿ ಅದನ್ನೇ ಹೊದೆಯುತ್ತೇವೆ. ಇದನ್ನು ನಿಮ್ಮ ಕಣ್ಣಲ್ಲಿ ನೀರು ತರಿಸಲೆಂದು ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಒಂದೇ ಸಲ ಕೇಳಿ ಸುಮ್ಮನಾಗಿದ್ದಾರೆಯೇ ನೋಡಿಕೊಳ್ಳಿ ಎಂದು ಹೇಳಿದೆವು.

ಓದಿನ ಸುಖವು ಅಡುಗೆಮನೆಗೆ ದೂರವಾದುದಲ್ಲ. ನಿಮ್ಮ ಕರಾವಳಿಯ ಕವಿ ಮುದ್ದಣನನ್ನೇ ನೋಡಿ. ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಿಂದ 1901ರವರೆಗೆ ಬಾಳಿದವರು, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ಅವರ 'ಶ್ರೀರಾಮಾಶ್ವಮೇಧ'ದಲ್ಲಿ ಮಳೆಗಾಲದ ದಿನ ಮನೆಗೆ ಬಂದ ಗಂಡನಿಗೆ ಮನೋರಮೆ ಉಪಚಾರ ಮಾಡಿ, ಒಂದು ಕಥೆ ಹೇಳೆನ್ನುತ್ತಾಳೆ. ಪದ್ಯ ಬೇಡ, ಗದ್ಯವೇ ಇರಲಿ ಎನ್ನುತ್ತಾಳೆ. ಅವನು ಸಂಸ್ಕೃತವನ್ನು ತುರುಕಿದಾಗ ಅಡುಗೆಮನೆಯದೇ ಒಂದು ಹೋಲಿಕೆ ಕೊಟ್ಟು ತಡೆಯುತ್ತಾಳೆ. ಸಂಸ್ಕೃತವನ್ನೇ ಉಂಡು ಬೆಳೆದ ನಮಗೂ ಆ ಮಾತು ತಾಗಿದೆ! ನಡುನಡುವೆ ಪ್ರಶ್ನಿಸುತ್ತಾಳೆ, ನಗುತ್ತಾಳೆ, ಗಂಡನನ್ನು ಕೆಣಕುತ್ತಾಳೆ. ಕಾವ್ಯ ಸರಳವಾದದ್ದು ಕೇಳುವ ಗೃಹಿಣಿ ಇದ್ದುದರಿಂದ. ಇನ್ನು ನಿಮ್ಮ ನೆರೆಯ ಕುಂದಾಪುರದಲ್ಲಿ 1945ರಲ್ಲಿ ಜನಿಸಿದ ವೈದೇಹಿಯವರು ಈ ನೆಲದ ಹೆಂಗಸರ ಮಾತನ್ನೂ ಮೌನವನ್ನೂ ಕಥೆಗಳಲ್ಲಿ ಹಿಡಿದಿಟ್ಟರು. ಅವರ 'ಕ್ರೌಂಚ ಪಕ್ಷಿಗಳು' ಕೃತಿಗೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಲೆಯ ಮುಂದಿನ ಬದುಕು ಬರೆಯಲೂ ಯೋಗ್ಯ, ಓದಲೂ ಯೋಗ್ಯ.

ಕೆಲವರು ಹೇಳಬಹುದು: ಸ್ವಾಮಿಗಳೇ, ಈಗ ಮಿಕ್ಸಿ ಇದೆ, ಗ್ಯಾಸಿನ ಒಲೆ ಇದೆ, ಬಿಡುವಿಗೇನು ಕೊರತೆ? ನಿಜ, ಒರಳು ಮೂಲೆಗೆ ಸೇರಿದೆ. ಆದರೆ ಉಳಿದ ಹೊತ್ತನ್ನು ಇನ್ನೆರಡು ಪದಾರ್ಥಗಳು ನುಂಗಿವೆ, ಮಿಕ್ಕದ್ದನ್ನು ಕೈಯಲ್ಲಿನ ಮೊಬೈಲು ನುಂಗಿದೆ. ಯಂತ್ರವು ಹೊತ್ತನ್ನು ಉಳಿಸಿಕೊಟ್ಟೀತು, ಅದನ್ನು ಕಾಯುವವರು ನಾವೇ ಆಗಬೇಕು. ಇನ್ನೊಂದು ಮಾತು. ಮನೆಗೆಲಸ ಪುಣ್ಯದ ಕೆಲಸವೆಂದು ಹೊಗಳಿ, ಆ ಪುಣ್ಯವನ್ನೆಲ್ಲ ಒಬ್ಬಳ ತಲೆಯ ಮೇಲೆ ಹೊರಿಸುವುದು ಧರ್ಮವಲ್ಲ. ಪುಣ್ಯವಾದರೆ ಗಂಡಸರೂ ಸ್ವಲ್ಪ ಸಂಪಾದಿಸಲಿ.

ಆದುದರಿಂದ ಇಂದು ಮೂರು ಸಂಕಲ್ಪಗಳನ್ನು ನಿಮ್ಮಿಂದ ಬೇಡುತ್ತೇವೆ. ಮೊದಲನೆಯದು, ಮಠದವರು ಮನೆಗೆ ಬಂದ ದಿನ ಒಂದು ಅನ್ನ, ಒಂದು ಸಾರು, ಒಂದು ಪಲ್ಯ, ಮಜ್ಜಿಗೆ ಸಾಕು. ಇದಕ್ಕೆ ಮೀರಿ ಬಡಿಸಿದ ಮನೆಯಲ್ಲಿ ನಾವು ಮುಂದೆ ಪ್ರಸಾದ ಸ್ವೀಕರಿಸುವುದಿಲ್ಲ. ಎರಡನೆಯದು, ರಾತ್ರಿಯ ಊಟವಾದ ಮೇಲೆ ಪಾತ್ರೆ ತೊಳೆಯುವ ಕೆಲಸ ಗಂಡಸರದು, ಮಕ್ಕಳದು. ಮೂರನೆಯದು, ಆ ಹೊತ್ತಿನಲ್ಲಿ ಮನೆಯ ತಾಯಿ ಒಂದು ಪುಸ್ತಕ ಹಿಡಿಯಲಿ, ಇಲ್ಲವೆ ಸೂಜಿ ಹಿಡಿಯಲಿ, ಇಲ್ಲವೆ ಸುಮ್ಮನೆ ಜಗಲಿಯಲ್ಲಿ ಕುಳಿತು ಮಳೆ ನೋಡಲಿ. ಓದಲು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳಲಿ. ಪರೀಕ್ಷೆ ಮುಗಿಯಲೆಂದು ಕಾಯಬೇಡಿ.

ಇಂದು ಮಾಡಿದ ಹನ್ನೊಂದು ಪದಾರ್ಥಗಳನ್ನು ಚೆಲ್ಲುವುದು ಬೇಡ, ಅನ್ನಕ್ಕೆ ಅಪಚಾರವಾಗುತ್ತದೆ. ಮೊದಲ ಪಂಕ್ತಿಯಲ್ಲಿ ತಾಯಂದಿರು ಕೂರಲಿ, ಗಂಡಸರು ಬಡಿಸಲಿ. ನಾವು ಅವರ ಜೊತೆಗೆ ಕೂರುತ್ತೇವೆ. ಒಲೆಯ ಮೇಲಿನ ಪಾಯಸವನ್ನು ಇಳಿಸಿದ್ದೀರಲ್ಲವೇ ತಾಯೀ? ಸಂತೋಷ.

ನಿಮ್ಮೆಲ್ಲರ ಮನೆಗಳಲ್ಲಿ ಮಿತವೂ ಬಿಡುವೂ ನಗುವೂ ನೆಲೆಸಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಮಂಗಳವಾಗಲಿ.